24 ಮನೆಯ ಆಟ

ಕಡಲೆಬೀಜದ ಡಬ್ಬ ಊಟದ ಮೇಜಿನ ಮೇಲೆ ಬಂದಿದ್ದು ಚಿತ್ರಾನ್ನಕ್ಕೆ ಅಂತ. ಮಗಳು ಅದನ್ನ ತನ್ನ ಕಡೆ ಎಳೆದುಕೊಂಡಳು. ‘ಅಮ್ಮ, ಒಂದು ಹಿಡಿ ತೊಗರಿಬೇಳೆನೂ ಕೊಡು’ ಅಂದಳು.

ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ. ಅವಳು ಕ್ಯುಪರ್ಟಿನೋದ ಡಿ ಆನ್ಜಾ ಕಾಲೇಜಿನಲ್ಲಿ ಎರಡನೇ ವರ್ಷ. ಅದು ಕಮ್ಯುನಿಟಿ ಕಾಲೇಜು. ಮೊದಲೆರಡು ವರ್ಷ ಅಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಒಂದು ಕ್ಯಾಂಪಸ್‌ಗೆ ಟ್ರಾನ್ಸ್‌ಫರ್ ಆಗೋ ದಾರಿ. ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 31 ಡಾಲರ್ ಫೀಸು, ರಾತ್ರಿ ಮನೆ ಊಟ. ಪರಿಚಯದವರು ಕೆಲವರು ‘ಕಮ್ಯುನಿಟಿ ಕಾಲೇಜಾ?’ ಅಂತ ರಾಗ ಎಳೆದಿದ್ದರು. ಎಳೀಲಿ ಬಿಡಿ.

ಟ್ಯಾಗ್ ಅಂತ ಒಂದು ಅನುಕೂಲ ಇದೆ. ಕೇಳಿದ ಕೋರ್ಸ್ ಮುಗಿಸಿ, ಕೇಳಿದಷ್ಟು ಜಿಪಿಎ ತಂದರೆ ಸೀಟು ಖಾತ್ರಿ. ಆರು ಕ್ಯಾಂಪಸ್‌ಗಳಲ್ಲಿ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದಕ್ಕೆ ಒಪ್ಪುವುದಿಲ್ಲ. ಹಾಕೋದು ಒಂದೇ ಕ್ಯಾಂಪಸ್‌ಗೆ, ಒಂದೇ ಮೇಜರ್‌ಗೆ, ಅಂದರೆ ಒಂದೇ ಮುಖ್ಯ ವಿಷಯಕ್ಕೆ. ಕಡೇ ದಿನ ಸೆಪ್ಟೆಂಬರ್ 30. ಕ್ಯಾಂಪಸ್ ಡೇವಿಸ್ ಅಂತ ಆಗಲೇ ತೀರ್ಮಾನವಾಗಿತ್ತು. ಕಾರಿನಲ್ಲಿ ಎರಡು ಗಂಟೆ ದಾರಿ, ಹುಳಿ-ಸಾರು ತಲುಪಿಸಬಹುದು. ಜಗಳ ಇದ್ದಿದ್ದು ಮೇಜರ್ ಬಗ್ಗೆ.

ಅವಳಿಗೆ ಸ್ಟಾಟಿಸ್ಟಿಕ್ಸ್ ಚೆನ್ನಾಗಿ ಬರುತ್ತೆ. ಲಿಂಗ್ವಿಸ್ಟಿಕ್ಸ್ ಇಷ್ಟ. ಈ ಭಾಷೆ ಹುಚ್ಚಿಗೆ ನಮ್ಮ ಮನೆಯೇ ಕಾರಣ. ಹುಬ್ಬಳ್ಳಿ ಅಜ್ಜಿ ಫೋನಿನಲ್ಲಿ ‘ಏನ್ ಮಾಡಾಕತ್ತೀದಿ?’ ಅಂತಾರೆ. ಮೈಸೂರು ಅಜ್ಜಿ ‘ಏನ್ ಮಾಡ್ತಾ ಇದೀಯ?’ ಅಂತಾರೆ. ಹತ್ತು ವರ್ಷದವಳಿದ್ದಾಗಲೇ ನೋಟ್‌ಬುಕ್ಕಿನಲ್ಲಿ ಇಬ್ಬರ ಮಾತನ್ನೂ ಎರಡು ಸಾಲು ಮಾಡಿ ಬರೆದಿಟ್ಟಿದ್ದಳು.

ನಮ್ಮವರ ಪರಿಹಾರ ಸುಲಭದ್ದು. ‘ಎರಡೂ ಮಾಡ್ಲಿ ಬಿಡ. ಡಬಲ್ ಡಿಗ್ರಿ ಅಂದ್ರ ಇನ್ನೂ ಚಲೋ ಆತಲ್ಲ?’

‘ಅಪ್ಪ, ನೀವು ಹೇಳ್ತಿರೋದು ಡಬಲ್ ಮೇಜರ್. ಡಬಲ್ ಡಿಗ್ರಿ ಬೇರೆ.’

‘ಎರಡೂ ಒಂದ ಅಲ್ಲೇನ?’

ನನಗೂ ಒಂದೇ ಅನ್ನಿಸಿತ್ತು. ಅವಳು ಹೇಳಿದ ಮೇಲೆ ತಿಳೀತು. ಡಬಲ್ ಮೇಜರ್ ಅಂದರೆ ಒಂದೇ ಪದವಿ, ಅದರೊಳಗೆ ಎರಡು ವಿಷಯ. ಡಬಲ್ ಡಿಗ್ರಿ ಅಂದರೆ ಎರಡು ಬೇರೆ ಬೇರೆ ಪದವಿ, ಯೂನಿಟ್ಟೂ ಜಾಸ್ತಿ. ಒಂದು ತಟ್ಟೆಯಲ್ಲಿ ಇಡ್ಲಿ-ವಡೆ ತಗೊಳ್ಳೋದು ಒಂದು. ಎರಡು ಪ್ಲೇಟ್ ತರಿಸಿ ಎರಡು ಬಿಲ್ ಕೊಡೋದು ಇನ್ನೊಂದು. ಟ್ರಾನ್ಸ್‌ಫರ್ ಮಕ್ಕಳಿಗೆ ಕೈಯಲ್ಲಿರೋದೇ ಎರಡು ವರ್ಷ.

ಇಂಡಿಯನ್ ಸ್ಟೋರ್‌ನವರು ಕೊಟ್ಟ ಕ್ಯಾಲೆಂಡರಿನಿಂದ ಆಗಸ್ಟ್ ಹಾಳೆ ಹರಿದು, ಹಿಂಬದಿಯಲ್ಲಿ ಗೆರೆ ಎಳೆದಳು. ವರ್ಷಕ್ಕೆ ಮೂರು ಕ್ವಾರ್ಟರ್, ಅಂದರೆ ಓದಿನ ಮೂರು ಅವಧಿ. ಎರಡು ವರ್ಷಕ್ಕೆ ಆರು. ಕ್ವಾರ್ಟರ್‌ಗೆ ನಾಲ್ಕು ಕೋರ್ಸ್. 24 ಮನೆ. ಸ್ಟಾಟಿಸ್ಟಿಕ್ಸ್ ಕೋರ್ಸಿಗೆ ಕಡಲೆಬೀಜ, ಲಿಂಗ್ವಿಸ್ಟಿಕ್ಸ್‌ಗೆ ತೊಗರಿಬೇಳೆ. ಅಳಗುಳಿಮಣೆ ಆಡೋ ಹಾಗೆ ಒಂದೊಂದೇ ಇಡುತ್ತಾ ಹೋದಳು. ಇದು ಮುಗಿಸದೆ ಅದು ತಗೊಳ್ಳೋ ಹಾಗಿಲ್ಲ, ಅದು ಚಳಿಗಾಲದಲ್ಲಿ ಮಾತ್ರ ಇರುತ್ತೆ ಅಂತ ಕಾಳು ಹಿಂದೆ ಮುಂದೆ ಸರಿಸಿದಳು. ಕೊನೆಗೆ ಒಂದು ಮನೆ ಖಾಲಿ ಉಳಿಯಿತು. ಒಂದು ಕೋರ್ಸ್ ಫೇಲಾದರೆ, ಒಂದು ವಾರ ಜ್ವರ ಬಂದರೆ ಇರೋ ಜಾಗ ಅಷ್ಟೇ.

‘ಇನ್ನೊಂದು ಕ್ವಾರ್ಟರ್ ಓದ್ಲಿ’ ಅಂದರು ಇವರು, ಒಂದು ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತಾ.

‘ಆ ಕ್ವಾರ್ಟರ್‌ದು ಫೀಸು, ಬಾಡಿಗೆ ಯಾರು ಕೊಡ್ತಾರೆ? ಅಪ್ಪ, ಅದು ಪ್ರಾಬಬಿಲಿಟಿ. ತಿಂದ್ಬಿಟ್ರಿ.’

ನನಗೆ 1999ರ ಸಿಇಟಿ ಕೌನ್ಸೆಲಿಂಗ್ ನೆನಪಾಯಿತು. ನನ್ನ ಸರದಿ ಬರುವ ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಖಾಲಿ. ಸಿವಿಲ್ ಇದೆ, ಬೇಕಾ ಬೇಡವಾ ಅಂದರು. ಹಿಂದೆ ಸಾಲು ಇತ್ತು. ಹೂಂ ಅಂದೆ. ಐದು ನಿಮಿಷವೂ ಆಗಲಿಲ್ಲ. ಇವಳಿಗೆ ಒಂದು ಭಾನುವಾರ ಪೂರ್ತಿ ಸಾಲುತ್ತಿಲ್ಲವಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ನಿಜ ಹೇಳಬೇಕಂದ್ರೆ.

ಅಸಿಸ್ಟ್ ಅನ್ನೋ ವೆಬ್‌ಸೈಟ್ ತೆಗೆದು ತೋರಿಸಿದಳು. ಎಡಗಡೆ ಯೂನಿವರ್ಸಿಟಿ ಕೇಳೋ ಕೋರ್ಸು, ಬಲಗಡೆ ಅದಕ್ಕೆ ಸಮನಾದ ಡಿ ಆನ್ಜಾ ಕೋರ್ಸು. ಕ್ಯಾಲ್ಕುಲಸ್ ನಾಲ್ಕೂ, 1ಎ ಇಂದ 1ಡಿ ವರೆಗೆ, ಆಗಿತ್ತು. ಲೀನಿಯರ್ ಆಲ್ಜಿಬ್ರ ಈ ವರ್ಷ. ಕೆಲವು ಕಡೆ ಬಲಗಡೆ ಏನೂ ಇಲ್ಲ, ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಅಂತ ಒಂದು ಸಾಲು. ಅಂದರೆ ಅದನ್ನ ಅಲ್ಲಿಗೆ ಹೋದ ಮೇಲೇ ಮಾಡಬೇಕು, ಆ 24 ಮನೆಯೊಳಗೇ.

ಇನ್ನೊಂದು ತೊಡಕು. ಅರ್ಜಿಯಲ್ಲಿ ಎರಡು ಮೇಜರ್ ಒಟ್ಟಿಗೆ ಕೇಳೋಕೆ ಜಾಗ ಇಲ್ಲ. ಕೆಲವು ಕ್ಯಾಂಪಸ್‌ಗೆ ಪರ್ಯಾಯ ಮೇಜರ್ ಹಾಕಬಹುದು, ಆದರೆ ಅದು ‘ಇದು ಸಿಗದಿದ್ದರೆ ಅದು’ ಅನ್ನೋ ಲೆಕ್ಕ. ಎರಡನೆಯದನ್ನ ಸೇರಿದ ಮೇಲೆ ಕೇಳಬೇಕು. ಜನ ಮುಗಿಬೀಳೋ ಮೇಜರ್‌ಗೆ ಆಮೇಲೆ ನುಗ್ಗೋದು ಕಷ್ಟ. ಹಾಗಾಗಿ ಬಾಗಿಲು ಕಿರಿದಾಗಿರೋದನ್ನೇ ಮೊದಲು ಹಾಕೋದು ಜಾಣತನ. ಅವಳೂ ಒಪ್ಪಿದಳು. ಟ್ಯಾಗ್‌ನಲ್ಲಿ ಸ್ಟಾಟಿಸ್ಟಿಕ್ಸ್ ಹೋಯಿತು. ಇವರು ಗೆದ್ದವರ ಹಾಗೆ ಉಳಿದ ಕಡಲೆಬೀಜ ಮುಕ್ಕಿದರು. ಚಿತ್ರಾನ್ನ ಬರೀ ಕಡಲೆಬೇಳೆ ಒಗ್ಗರಣೆಯಲ್ಲೇ ಮುಗಿಯಿತು.

ಟ್ಯಾಗ್ ಹಾಕಿದರೂ ನವೆಂಬರ್ ಕೊನೆಯ ಹೊತ್ತಿಗೆ ಮಾಮೂಲಿ ಅರ್ಜಿ ಹಾಕಲೇಬೇಕು. ಅದರಲ್ಲಿ ಒಂದೊಂದು ಕ್ಯಾಂಪಸ್‌ಗೆ ಒಂದೊಂದು ಮೇಜರ್ ಕೊಡಬಹುದು. ಒಂದು ರಾತ್ರಿ ಹಾಲು ಕೊಡೋಕೆ ಹೋದಾಗ ಪರದೆ ನೋಡಿದೆ. ಲಾಸ್ ಏಂಜಲೀಸ್ ಮುಂದೆ ‘ಲಿಂಗ್ವಿಸ್ಟಿಕ್ಸ್ ಅಂಡ್ ಕಂಪ್ಯೂಟರ್ ಸೈನ್ಸ್’ ಅಂತ ಇತ್ತು. ಎರಡೂ ಸೇರಿ ಒಂದೇ ಮೇಜರ್. ಅಂಥದ್ದೊಂದು ಇದೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ‘ಸುಮ್ನೆ ಹಾಕಿದೀನಿ, ಸಿಗೋದು ಕಷ್ಟ’ ಅಂದಳು. ಸುಮ್ನೆ ಹಾಕಿದವಳ ಮುಖ ಹಾಗಿರಲಿಲ್ಲ.

ಮಾರನೆ ದಿನ ಇವರಿಗೆ ಹೇಳಿದೆ. ಸ್ವಲ್ಪ ಹೊತ್ತು ಫೋನು ಒತ್ತುತ್ತಾ ಕೂತಿದ್ದರು. ಆಮೇಲೆ ತಲೆ ಎತ್ತಿ ಕೇಳಿದರು:

‘ಅಲ್ಲೆ ಬಾಡಿಗಿ ಎಷ್ಟಂತ?’