ಲೈನ್ ನಿಲ್ಲಿಸದೆ ಮಾಡಿದ ರಿಪೇರಿ

ಕರಾವಳಿಯ ಪ್ಲಾಂಟುಗಳಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡೋರಿಗೆ ಮೇ ತಿಂಗಳು ಬಂತು ಅಂದ್ರೆ ನಿದ್ದೆ ಕಮ್ಮಿ. ಜೂನ್ ಮೊದಲ ವಾರ ಮಳೆ ಹಿಡೀತು ಅಂದ್ರೆ ಆಮೇಲೆ ಸೆಪ್ಟೆಂಬರ್ ತನಕ ಪೈಪ್ ಮೇಲಿನ ಇನ್ಸುಲೇಶನ್ ಬಿಚ್ಚೋ ಮಾತೇ ಇಲ್ಲ, ಬಿಚ್ಚಿದ್ರೆ ನೀರು ನಾವೇ ಒಳಗೆ ಬಿಟ್ಟಂಗೆ. ಮಂಗಳೂರು ಕಡೆ ವರ್ಷಕ್ಕೆ 3,500 ಮಿಮೀಗೂ ಮೇಲೆ ಮಳೆ ಸುರಿಯತ್ತೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಇನ್ಸುಲೇಶನ್ ಮೇಲೆ ಹೊದಿಸೋ ಅಲ್ಯೂಮಿನಿಯಂ ತಗಡಲ್ಲಿ, ಅಂದ್ರೆ ಕ್ಲಾಡಿಂಗ್‌ನಲ್ಲಿ, ಒಂದು ಬೆರಳು ಹೋಗುವಷ್ಟು ಜಾಗ ಬಾಯಿ ಬಿಟ್ಟಿದ್ರೂ ಸಾಕು, ಒಳಗಿನ ರಾಕ್‌ವೂಲ್ (ಕಲ್ಲಿನ ನಾರಿನ ಇನ್ಸುಲೇಶನ್) ನೀರು ಹೀರಿಕೊಂಡು ತಿಂಗಳುಗಟ್ಟಲೆ ಪೈಪ್‌ಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಕೂತಿರತ್ತೆ, ಹೊರಗಿಂದ ನೋಡಿದ್ರೆ ಎಲ್ಲ ಫಳಫಳ.

ಇದಕ್ಕೆ ನಮ್ಮ ಕೆಲಸದಲ್ಲಿ ಸಿಯುಐ ಅಂತೀವಿ, ಇನ್ಸುಲೇಶನ್ ಕೆಳಗೆ ಹಿಡಿಯೋ ತುಕ್ಕು. ಕಾರ್ಬನ್ ಸ್ಟೀಲ್ ಪೈಪ್ ಆದ್ರೆ ಮೈನಸ್ 12 ಡಿಗ್ರಿಯಿಂದ 175 ಡಿಗ್ರಿ ಸೆಲ್ಸಿಯಸ್ ತನಕ ಈ ಭಯ ಇದ್ದೇ ಇದೆ ಅಂತ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ 571 ಅನ್ನೋ ಕೈಪಿಡಿ ಹೇಳತ್ತೆ. ಅದಕ್ಕಿಂತ ಬಿಸಿ ಇದ್ರೆ ನೀರು ನಿಲ್ಲೋದಿಲ್ಲ, ಆವಿ ಆಗಿ ಹೋಗತ್ತೆ. ನಮ್ಮ ಪ್ಲಾಂಟಿನ ಅರ್ಧಕ್ಕರ್ಧ ಲೈನುಗಳು ಸರಿಯಾಗಿ ಈ ನಡುವಿನ ಬಿಸಿಯಲ್ಲೇ ಓಡೋದು.

ಈಗ ಹೇಳಕ್ಕೆ ಹೊರಟಿರೋದು ಅಂಥ ಒಂದು ಲೈನಿನ ಕಥೆ. ಆರು ಇಂಚಿನ ಪೈಪ್, ಶೆಡ್ಯೂಲ್ 40, ಅಂದ್ರೆ ಹೊಸದಿದ್ದಾಗ ಗೋಡೆ ದಪ್ಪ 7.11 ಮಿಮೀ. ಒಳಗೆ ವಿಜಿಒ, ಕ್ರೂಡ್‌ನಿಂದ ಬರೋ ಭಾರವಾದ ಎಣ್ಣೆ, ಸುಮಾರು 85 ಡಿಗ್ರಿ ಬಿಸಿಯಲ್ಲಿ ಹರಿಯತ್ತೆ. ತಣ್ಣಗಾದ್ರೆ ಮೇಣದ ಥರ ಗಟ್ಟಿಯಾಗತ್ತೆ, ಅದಕ್ಕೇ ಪಕ್ಕದಲ್ಲಿ ಬಿಸಿ ಇಡೋ ಸಣ್ಣ ಆವಿ ಪೈಪ್, ಅಂದ್ರೆ ಸ್ಟೀಮ್ ಟ್ರೇಸರ್, ಮೇಲೆ ಇನ್ಸುಲೇಶನ್. ಈ ಲೈನನ್ನ ಸುಮ್ನೆ ನಿಲ್ಲಿಸಕ್ಕೆ ಆಗಲ್ಲ. ನಿಲ್ಲಿಸಿದ್ರೆ ಮುಂದಿನ ಯೂನಿಟ್‌ಗೆ ಫೀಡ್ ಇಲ್ಲ, ಒಳಗಿರೋದನ್ನ ತಳ್ಳಿ ಖಾಲಿ ಮಾಡೋದೇ ಒಂದು ದೊಡ್ಡ ಕೆಲಸ. ನಾಲ್ಕೈದು ವರ್ಷಕ್ಕೊಂದು ಸಲ ಬರೋ ದೊಡ್ಡ ಶಟ್‌ಡೌನ್‌ನಲ್ಲಿ ಮಾತ್ರ ಅದಕ್ಕೆ ರೆಸ್ಟ್.

ಆ ವರ್ಷ ಮಳೆಗೆ ಮುಂಚಿನ ಸರ್ವೆಗೆ ಪೈಪ್‌ರ್ಯಾಕ್ ಮೇಲೆ ಸ್ಕ್ಯಾಫೋಲ್ಡಿಂಗ್ ಕಟ್ಟಿಸಿದ್ವಿ. ಒಂದು ಎಲ್ಬೋ, ಅಂದ್ರೆ ಪೈಪ್ ತಿರುಗೋ ಬಾಗು, ಅದರ ಹತ್ರ ಕ್ಲಾಡಿಂಗ್ ಒಳಕ್ಕೆ ತಗ್ಗಿತ್ತು. ಪಕ್ಕದ ವಾಲ್ವ್ ತಿರುಗಿಸಕ್ಕೆ ಹೋಗೋರು ಅದರ ಮೇಲೆ ಕಾಲಿಟ್ಟು ದಾಟ್ತಿದ್ರು, ಬೂಟಿನ ಗುರುತೇ ಇತ್ತು. ತಗ್ಗಿದ ಕಡೆ ಜೋಡಣೆಯ ಸೀಲೆಂಟ್ ಒಡೆದು ಬಾಯಿ ಬಿಟ್ಟಿತ್ತು. ಇನ್ಸುಲೇಶನ್ ಮೇಸ್ತ್ರಿ ಉಳ್ಳಾಲ ಕಡೆಯವರು, ನನಗಿಂತ ಜಾಸ್ತಿ ಕ್ಲಾಡಿಂಗ್ ನೋಡಿರೋರು. ಅವರು ಒಂದು ಚೌಕ ಕತ್ತರಿಸಿ ಕಿಟಕಿ ತೆಗೆದು ಕೈ ಹಾಕಿ, ಹಿಡಿಯಷ್ಟು ರಾಕ್‌ವೂಲ್ ಎಳೆದು ಹಿಂಡಿದ್ರು. ಬೇಸಿಗೆ ನಡುವಲ್ಲೂ ಕಂದು ನೀರು ತೊಟ್ಟಿಕ್ಕಿತು. ಒಳಗೆ ಪೈಪ್ ಮೈ ಪೂರ್ತಿ ಪದರ ಪದರ ಎದ್ದಿತ್ತು.

"ಸಾರ್, ಇದು ಒಳ್ಳೇದಿಲ್ಲ. ಸ್ವಲ್ಪ ಕೆರೆದು ನೋಡುವಾ?" ಅಂತ ಸ್ಕ್ರೇಪರ್ ತಗೊಂಡ್ರು.

"ಬೇಡ ಮೇಸ್ತ್ರಿ, ಮುಟ್ಬೇಡಿ. ನಿಮ್ಮ ಹುಡುಗರನ್ನ ಮೊದಲು ಕೆಳಗಿಳಿಸಿ" ಅಂದೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹೊಸಬರು ಇಲ್ಲೇ ಜೀವಕ್ಕೆ ಅಪಾಯ ತಂದ್ಕೊಳ್ಳೋದು. ಕಬ್ಬಿಣ ಒಂದು ಮಿಮೀ ಕರಗಿದ್ರೆ ತುಕ್ಕು ಅದರ ಹಲವು ಪಟ್ಟು ಉಬ್ಬತ್ತೆ, ಹಾಗಾಗಿ ನೋಡಕ್ಕೆ ಭಯಂಕರವಾಗಿ ಕಂಡ್ರೂ ಕೆಳಗೆ ಪೈಪ್ ಗಟ್ಟಿ ಇರಬಹುದು. ಆದ್ರೆ ಕೆಲವು ಸಲ ಪೈಪ್ ಪೂರ್ತಿ ತೂತಾಗಿ, ಆ ತುಕ್ಕಿನ ಚಕ್ಕೆಯೇ ಬಿರಡೆ ಥರ ತಡೆ ಹಿಡಿದಿರತ್ತೆ. ಒಳಗೆ 12 ಕೆಜಿ ಪ್ರೆಶರ್‌ನಲ್ಲಿ ಬಿಸಿ ಎಣ್ಣೆ. ಕೆರೆದ ತಕ್ಷಣ ಅದು ಕೆರೆದವರ ಮುಖಕ್ಕೇ. ಎಷ್ಟು ಲೋಹ ಉಳಿದಿದೆ ಅಂತ ಗೊತ್ತಾಗೋ ತನಕ ಓಡ್ತಿರೋ ಲೈನಿನ ಸ್ಕೇಲ್, ಅಂದ್ರೆ ಆ ತುಕ್ಕಿನ ಪದರ, ಮುಟ್ಟಬಾರದು, ಸುತ್ತಿಗೆಯಲ್ಲಿ ತಟ್ಟಿ ನೋಡೋದಂತೂ ಬೇಡವೇ ಬೇಡ.

ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಶೆವ್ರಾನ್ ರಿಫೈನರಿಯ ಘಟನೆ ನಮ್ಮ ಕ್ಲಾಸುಗಳಲ್ಲಿ ಪದೇ ಪದೇ ಬರತ್ತೆ. 2012ರ ಆಗಸ್ಟ್ 6, ಎಂಟು ಇಂಚಿನ ಲೈನ್, ಒಳಗೆ ಸುಮಾರು 340 ಡಿಗ್ರಿಯ ಗ್ಯಾಸ್ ಆಯಿಲ್. ಅಲ್ಲಿ ಸವೆದದ್ದು ಒಳಗಿಂದ, ಗಂಧಕದಿಂದ. ಮಧ್ಯಾಹ್ನದ ಮೇಲೆ ಸಣ್ಣ ಸೋರಿಕೆ ಕಾಣಿಸ್ತು, ಲೈನ್ ನಿಲ್ಲಿಸದೆ ಎಲ್ಲಿಂದ ಅಂತ ಹುಡುಕಕ್ಕೆ ಇನ್ಸುಲೇಶನ್ ಕಿತ್ತರು, ಸಂಜೆ ಹೊತ್ತಿಗೆ ಪೈಪ್ ಸಿಡೀತು. 19 ಜನ ಆ ಆವಿಯ ಮೋಡದೊಳಗೆ ಸಿಕ್ಕಿಹಾಕ್ಕೊಂಡ್ರು, ಎಲ್ಲರೂ ಬದುಕಿ ಬಂದದ್ದು ಪುಣ್ಯ. ಸುತ್ತಲ ಊರಿನ ಸುಮಾರು 15,000 ಜನ ಆಸ್ಪತ್ರೆಗೆ ಹೋದ್ರು. ಸೋರಿಕೆ ಶುರುವಾದ ಮೇಲೆ ಅದು ಮೇಂಟೆನೆನ್ಸ್ ಅಲ್ಲ, ಎಮರ್ಜೆನ್ಸಿ. ಪ್ಲಾಂಟ್ ಇಳಿಸಲೇಬೇಕು. ಲೈನ್ ಓಡಿಸ್ತಾ ರಿಪೇರಿ ಮಾಡೋ ಅವಕಾಶ ಇರೋದು ಸೋರೋಕೆ ಮುಂಚೆ ನೀವು ಅಲ್ಲಿಗೆ ತಲುಪಿದ್ರೆ ಮಾತ್ರ.

ಅವತ್ತು ರಾತ್ರಿಗೆ ರೇಡಿಯೋಗ್ರಫಿ ಇಟ್ಕೊಂಡ್ವಿ. ಗಾಮಾ ಕಿರಣ ಬಿಡೋ ಇರಿಡಿಯಂ 192 ಸೋರ್ಸ್, ಪೈಪ್ ಹಿಂದೆ ಫಿಲ್ಮ್. ಪೈಪಿನ ಅಂಚನ್ನ ಸವರಿಕೊಂಡು ಹೋಗೋ ಹಾಗೆ ಹೊಡೆದ್ರೆ ಗೋಡೆಯ ದಪ್ಪ ಫಿಲ್ಮ್ ಮೇಲೆ ನೇರವಾಗಿ ಕಾಣತ್ತೆ, ಸ್ಕೇಲ್ ತೆಗೆಯೋದೇ ಬೇಡ. ಸುತ್ತ ಹಗ್ಗ ಕಟ್ಟಿ, ಕೆಂಪು ಲೈಟ್ ಹಾಕಿ, ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಇನ್ನೊಂದು ವಿಷಯ ಕಂಟ್ರೋಲ್ ರೂಮ್‌ಗೆ ಮೊದಲೇ ಹೇಳ್ಬೇಕು: ಗಾಮಾ ಕಿರಣ ಬಿದ್ರೆ ಹತ್ತಿರದ ಫ್ಲೇಮ್ ಡಿಟೆಕ್ಟರ್ ಬೆಂಕಿ ಅಂದ್ಕೊಂಡು ಅಲಾರಂ ಹೊಡೆಯತ್ತೆ, ರೇಡಿಯೋಆಕ್ಟಿವ್ ಲೆವೆಲ್ ಮೀಟರ್ ತಪ್ಪು ಲೆವೆಲ್ ತೋರ್ಸತ್ತೆ, ಅದಕ್ಕೆ ತಾನಾಗಿ ನಿಲ್ಲಿಸೋ ಇಂಟರ್‌ಲಾಕ್ ಇದ್ರೆ ಯೂನಿಟ್ಟೇ ಟ್ರಿಪ್. ಶಿಫ್ಟ್ ಇನ್‌ಚಾರ್ಜ್ ಜೊತೆ ಕೂತು ಯಾವ್ಯಾವ ಡಿಟೆಕ್ಟರ್, ಮೀಟರ್ ಬೈಪಾಸ್ ಮಾಡ್ಬೇಕು ಅಂತ ಒಂದೊಂದಾಗಿ ಬರೆದು ಸಹಿ ಮಾಡಿಸ್ಕೊಂಡ್ವಿ.

ಫಿಲ್ಮ್ ನೋಡಿದಾಗ ಬೆಳಗಿನ ಜಾವ. ಎಲ್ಬೋ ಕೆಳಗಿನ ಭಾಗದಲ್ಲಿ ಉಳಿದಿದ್ದು 4.1 ಮಿಮೀ.

ಇದು ಚೆನ್ನಾಗಿದೆಯಾ ಕೆಟ್ಟದ್ದಾ? ಬರೀ ಪ್ರೆಶರ್ ಲೆಕ್ಕ ಹಾಕಿದ್ರೆ ಈ ಪೈಪ್‌ಗೆ ಒಂದು ಮಿಮೀ ದಪ್ಪ ಕೂಡ ಬೇಡ. ಆದ್ರೆ ಪೈಪ್ ತನ್ನ ಭಾರ ಹೊರಬೇಕು, ಎಣ್ಣೆ ಭಾರ ಹೊರಬೇಕು, ಮೇಲೆ ಹತ್ತಿ ನಿಲ್ಲೋ ಮನುಷ್ಯನ ಭಾರ ಕೂಡ. ಅದಕ್ಕೆ ಆರು ಇಂಚಿಗೆ 2.8 ಮಿಮೀಗಿಂತ ಕೆಳಗೆ ಹೋಗಬಾರದು ಅಂತ ನಮ್ಮಲ್ಲಿ ಇಟ್ಕೊಂಡಿದ್ವಿ. ಅಂದ್ರೆ ಕೈಯಲ್ಲಿ 1.3 ಮಿಮೀ ಇದೆ. ಆಪರೇಶನ್ಸ್‌ನವರು "ಒಂದು ಹನಿನೂ ಸೋರ್ತಿಲ್ಲ ಸಾರ್, ಮುಚ್ಚಿಬಿಡಿ, ಬರೋ ವರ್ಷದ ಶಟ್‌ಡೌನ್‌ನಲ್ಲಿ ನೋಡೋಣ" ಅಂದ್ರು. ಅವರ ಕಷ್ಟ ನನಗೆ ಅರ್ಥ ಆಗತ್ತೆ, ಆದ್ರೆ ನಡುವೆ ಒಂದು ಪೂರ್ತಿ ಮಳೆಗಾಲ ಇದೆ, ಒದ್ದೆ ಇನ್ಸುಲೇಶನ್ ಕೆಳಗಿನ ತುಕ್ಕು ವರ್ಷಕ್ಕೆ ಇಷ್ಟೇ ಅಂತ ಲೆಕ್ಕ ಇಟ್ಕೊಂಡು ತಿನ್ನಲ್ಲ. ನಾನು ಒಪ್ಪಲಿಲ್ಲ. ಮೀಟಿಂಗ್‌ನಲ್ಲಿ ಆ ಫಿಲ್ಮನ್ನೇ ವ್ಯೂವರ್ ಮೇಲೆ ಇಟ್ಟು ತೋರಿಸ್ದೆ.

ಇನ್ನೊಬ್ಬರು ಪೈಪ್ ಸುತ್ತ ವೆಲ್ಡಿಂಗ್ ಮಾಡಿ ಸ್ಲೀವ್ (ಕಬ್ಬಿಣದ ತೋಳು) ಹಾಕೋಣ ಅಂದ್ರು. ಓಡೋ ಲೈನಿಗೆ ವೆಲ್ಡಿಂಗ್ ಮಾಡೋದು ಹೊಸದೇನಲ್ಲ, ಓಡೋ ಲೈನಿಂದಲೇ ಹೊಸ ಕವಲು ತೆಗೆಯೋ ಹಾಟ್ ಟ್ಯಾಪ್‌ನಲ್ಲಿ ಮಾಡ್ತೀವಿ. ಒಳಗೆ ಹರಿಯೋ ಎಣ್ಣೆಯೇ ಶಾಖ ಎಳೆದುಕೊಂಡು ಪೈಪ್ ಸುಟ್ಟು ತೂತಾಗದ ಹಾಗೆ ಕಾಪಾಡತ್ತೆ, ಅದೇ ಹರಿವು ಜಾಸ್ತಿ ಆದ್ರೆ ವೆಲ್ಡ್ ಬೇಗ ತಣ್ಣಗಾಗಿ ಗಡುಸಾಗಿ ಬಿರುಕು ಬಿಡತ್ತೆ. ಅದಕ್ಕೇ ಹರಿವು ಹಿಡಿತದಲ್ಲಿಟ್ಟು, ಓವನ್‌ನಲ್ಲಿ ಒಣಗಿಸಿದ 7018 ಅನ್ನೋ ವೆಲ್ಡಿಂಗ್ ರಾಡ್ ಬಳಸ್ತಾರೆ. ಆದ್ರೆ ಅದಕ್ಕೆ ಗೋಡೆ ಕನಿಷ್ಠ 4.8 ಮಿಮೀ ಇರ್ಬೇಕು ಅನ್ನೋದು ಎಪಿಐ 2201ರ ಸಲಹೆ. ನಮ್ಮಲ್ಲಿ 4.1. ಮಾತು ಮುಗೀತು.

ಉಳಿದದ್ದು ಕಾಂಪೋಸಿಟ್ ರ್ಯಾಪ್, ಫೈಬರ್ ಬಟ್ಟೆಯನ್ನ ಎಪಾಕ್ಸಿಯಲ್ಲಿ ನೆನೆಸಿ ಪೈಪ್‌ಗೆ ಬಿಗಿಯಾಗಿ ಸುತ್ತೋದು. ವಿಜಿಒ ಹೊತ್ತಿಕೊಳ್ಳಕ್ಕೆ ಇನ್ನೂ ಬಿಸಿ ಬೇಕು ಅನ್ನೋ ಧೈರ್ಯ ಇತ್ತು. ಅದೇ ನಾಫ್ತಾನೋ ಎಲ್‌ಪಿಜಿನೋ ಆಗಿದ್ರೆ ಲೈನ್ ಓಡಿಸ್ತಾ ಆ ಸ್ಕೇಲ್ ತೆಗೆಯಕ್ಕೆ ನಾನು ಒಪ್ತಿರಲಿಲ್ಲ. ಪ್ರೆಶರ್ ಆದಷ್ಟು ಇಳಿಸಿ, ಟ್ರೇಸರ್ ಬಂದ್ ಮಾಡಿ ಪಕ್ಕಕ್ಕೆ ಸರಿಸಿ, ಐಸೊಲೇಶನ್ ವಾಲ್ವ್ ಹತ್ರ ವಾಕಿಟಾಕಿ ಹಿಡಿದ ಆಪರೇಟರ್, ಕೆಳಗೆ ನೀರು ತುಂಬಿದ ಹೋಸ್ ಹಿಡಿದ ಫೈರ್ ವಾಚರ್, ಗ್ಯಾಸ್ ಮೀಟರ್ ಸದಾ ಆನ್, ಇಷ್ಟೆಲ್ಲ ಆದ್ಮೇಲೇ ಪರ್ಮಿಟ್. ಗಾಳಿಯಲ್ಲಿ ಓಡೋ ಬ್ರಷ್ಷಿಂದ ಸ್ಕೇಲ್ ನಿಧಾನಕ್ಕೆ ತೆಗೆದು, ಬೆಳ್ಳಗೆ ಹೊಳೆಯೋ ಕಬ್ಬಿಣ ಸಿಕ್ಕ ಕಡೆಯೆಲ್ಲ ದಪ್ಪ ಅಳೆಯೋ ಗೇಜ್ ಇಟ್ಟು ಅಳೆದ್ವಿ. ಬಿಸಿ ಪೈಪ್ ಮೇಲೆ ಗೇಜ್ ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರ್ಸತ್ತೆ, ಹೆಚ್ಚುಕಮ್ಮಿ 55 ಡಿಗ್ರಿಗೆ ಶೇಕಡ 1, ಅದನ್ನ ಕಳೆದು ಬರೆದ್ವಿ.

ಗುಳಿಗಳಿಗೆ ಪುಟ್ಟಿ ತುಂಬಿದ ಮೇಲೆ ನಿಜವಾದ ಓಟ ಶುರು. 85 ಡಿಗ್ರಿ ಪೈಪ್ ಪಕ್ಕ ಎಪಾಕ್ಸಿ ಬೇಗ ಗಟ್ಟಿಯಾಗತ್ತೆ, ದೊಡ್ಡ ಬಕೆಟ್‌ನಲ್ಲಿ ಕಲಸಿಟ್ರೆ ಹಚ್ಚೋ ಮೊದ್ಲೇ ಕಲ್ಲು. ಹಾಗಾಗಿ ಕೆಳಗೆ ನೆರಳಲ್ಲಿ ಒಬ್ಬ ಸಣ್ಣ ಸಣ್ಣ ಕಪ್‌ನಲ್ಲಿ ಕಲಸಿ ಕಳಿಸ್ತಿದ್ದ, ಮೇಲೆ ಇಬ್ಬರು ಹಚ್ಚಿ ಸುತ್ತಿ ರೋಲರ್‌ನಲ್ಲಿ ಗಾಳಿಗುಳ್ಳೆ ಒತ್ತಿ ತೆಗೀತಿದ್ರು. ಕಬ್ಬಿಣಕ್ಕೆ ತಾಗೋ ಹಾಗೆ ಮೊದಲು ಗ್ಲಾಸ್ ಫೈಬರ್, ಆಮೇಲೆ ಕಾರ್ಬನ್ ಫೈಬರ್. ಕಾರ್ಬನ್ ನೇರವಾಗಿ ಕಬ್ಬಿಣಕ್ಕೆ ತಾಗಿದ್ರೆ ಅದೇ ಹೊಸ ತುಕ್ಕಿಗೆ ದಾರಿ. ಗಟ್ಟಿಯಾದ ಮೇಲೆ ಹಾರ್ಡ್‌ನೆಸ್ ನೋಡಿ, ತಾತ್ಕಾಲಿಕ ರಿಪೇರಿ ಅಂತ ಟ್ಯಾಗ್ ಹಾಕಿ, ರಿಜಿಸ್ಟರ್‌ನಲ್ಲಿ ಬದಲಿಸೋ ಗಡುವು ಬರೆದ್ವಿ. ಆ ಗಡುವು ಬರೆಯದ ರಿಪೇರಿ ಎಲ್ಲ ಪ್ಲಾಂಟಲ್ಲೂ ಶಾಶ್ವತ ಆಗಿಬಿಡತ್ತೆ, ಇದು ನನಗೆ ತುಂಬ ಬೇಜಾರು ತರೋ ವಿಷಯ.

ಮೇಸ್ತ್ರಿ ಹೊಸ ಕ್ಲಾಡಿಂಗ್ ಹಾಕುವಾಗ ಜೋಡಣೆ ಪಕ್ಕಕ್ಕೆ ಬರೋ ಹಾಗೆ, ಮೇಲಿನ ತಗಡಿನ ಅಂಚು ಕೆಳಗಿನದರ ಮೇಲೆ ಬಾಗೋ ಹಾಗೆ ಕೂರಿಸಿ, ಅಡಿಯಲ್ಲಿ ನೀರು ಹೋಗಕ್ಕೆ ತೂತು ಬಿಟ್ರು. ವಾಲ್ವ್‌ಗೆ ಹೋಗಕ್ಕೆ ಪೈಪ್ ದಾಟೋ ಮೆಟ್ಟಿಲು ಬೇಕು ಅಂತ ನಾನು ಬರೆದುಕೊಟ್ಟೆ, ಅದು ಆಗಕ್ಕೆ ಮಳೆಗಾಲ ಕಳೀಬೇಕಾಯ್ತು. ಮಳೆ ಹಿಡಿಯೋಕೆ ಮುಂಚೆ ಅದೇ ರ್ಯಾಕ್‌ನಲ್ಲಿ ಕಾಲಿಟ್ಟು ದಾಟೋ ಜಾಗ ಎಲ್ಲ ಹುಡುಕಿ ಕಿಟಕಿ ತೆಗೆಸಿದ್ವಿ, ಇನ್ನೂ ಕೆಲವು ಕಡೆ ಒದ್ದೆ ಸಿಕ್ತು, ಆದ್ರೆ ಬರೀ ಒರೆಸಿ ಪೇಂಟ್ ಹೊಡೆದ್ರೆ ಸಾಕಾಗೋ ಅಷ್ಟು.

ಮರುವರ್ಷ ಶಟ್‌ಡೌನ್‌ನಲ್ಲಿ ಆ ತುಂಡು ಕತ್ತರಿಸಿ ಹೊಸದು ಹಾಕಿದ್ರು. ಹಳೇ ಎಲ್ಬೋನ ಉದ್ದಕ್ಕೆ ಸೀಳಿಸಿ ಅಳೆದ್ರೆ ತೀರಾ ತೆಳು ಜಾಗ 3.8 ಮಿಮೀ ಇತ್ತು. ರ್ಯಾಪ್ ಕೆಳಗೆ ಹೊಸ ತುಕ್ಕು ಹಿಡಿದಿರಲಿಲ್ಲ, ಗುಳಿ ಓರೆಯಾಗಿ ಇದ್ದಿದ್ರಿಂದ ಒಂದೇ ಕೋನದ ಫಿಲ್ಮ್‌ನಲ್ಲಿ ಅದರ ತಳ ಕಂಡಿರಲಿಲ್ಲ, ಗೇಜ್ ಇಡಕ್ಕೂ ಆ ಗುಳಿಯೊಳಗೆ ಸಮ ಜಾಗ ಇರಲಿಲ್ಲ. ಆವಾಗಿಂದ ಎಲ್ಬೋಗಳಿಗೆ ಎರಡು ಕೋನದಲ್ಲಿ ಫಿಲ್ಮ್ ತೆಗೀಬೇಕು ಅಂತ ನಮ್ಮ ಪ್ರೊಸೀಜರ್‌ನಲ್ಲೇ ಸೇರಿಸಿದ್ವಿ, ಒಂದು ರಾತ್ರಿಯ ಕೆಲಸ ಎರಡು ರಾತ್ರಿ ಆಗತ್ತೆ ಅಂತ ಗುತ್ತಿಗೆಯವರು ಗೊಣಗಿದ್ರೂ ಅದನ್ನ ಬಿಟ್ಟುಕೊಟ್ಟಿಲ್ಲ.