"ಡೌಟ್ ಇದ್ದರೆ ಬಂದು ಕೇಳಿ" ಎಂದರೆ ಸಾಲದು

ಕಾಸರಗೋಡು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಕೆಲಸದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದ ಸಂಗತಿ ಒಂದಿದೆ. "ಡೌಟ್ ಇದ್ದರೆ ಸ್ಟಾಫ್ ರೂಮಿಗೆ ಬನ್ನಿ" ಎಂದು ಹೇಳಿದರೆ ಬರುವವರು ಹೆಚ್ಚಾಗಿ ಚೆನ್ನಾಗಿ ಓದುವ ಮಕ್ಕಳೇ. ಯಾರಿಗೆ ನಿಜಕ್ಕೂ ಬೇಕೋ ಅವರು ಬಾಗಿಲವರೆಗೆ ಬಂದು, ಒಳಗೆ ನಾಲ್ಕು ಜನ ಟೀಚರ್‌ಗಳನ್ನು ಕಂಡು, ಹಾಗೇ ವಾಪಸ್ ಹೋಗುತ್ತಾರೆ. ಹಾಗಾಗಿ ಸಹಾಯವನ್ನು ತರಗತಿಯ ಒಳಗೇ, ಟೈಮ್ ಟೇಬಲ್ಲಿನ ಒಳಗೇ ಇಡಬೇಕು. ಯಾರೂ ಕೇಳದೆಯೇ ಎಲ್ಲರಿಗೂ ಸಿಗುವಂತೆ ಇಡಬೇಕು.

ನಮ್ಮ ತರಗತಿಗಳು ಹೇಗಿರುತ್ತವೆ ಎಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಮಾಧ್ಯಮ ಶಾಲೆಗಳು ಇಂದಿಗೂ ಇವೆ, ಮುಖ್ಯವಾಗಿ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಓದಿದವನು, ಬ್ಯಾರಿ ಮಾತಿನ ಹುಡುಗಿ, ಚೆರುವತ್ತೂರು ಕಡೆಯ ಮಲಯಾಳಂ ಮಾಧ್ಯಮದವಳು, ಮಂಜೇಶ್ವರದ ಕೊಂಕಣಿ ಹುಡುಗ ಕೂತಿರುತ್ತಾರೆ. ಕೊರಗ, ಮಾವಿಲನ್ ಬುಡಕಟ್ಟು ಸಮುದಾಯಗಳ ಮಕ್ಕಳೂ ಬರುತ್ತಾರೆ, ಹಲವರು ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಪಠ್ಯಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ.

ಮನೆಯಲ್ಲಿ ಮೊದಲು ಓದಿದವರು ಯಾರೂ ಇಲ್ಲದಿದ್ದರೆ ಏನನ್ನು ಕೇಳಬಹುದು ಎಂಬುದೇ ಗೊತ್ತಿರುವುದಿಲ್ಲ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾದ ಮೇಲಂತೂ ಇದು ಇನ್ನೂ ಜಾಸ್ತಿಯಾಗಿದೆ. ಮೇಜರ್ ಎಂದರೆ ಮುಖ್ಯ ವಿಷಯ, ಮೈನರ್ ಎಂದರೆ ಜೊತೆಗೆ ಓದುವ ವಿಷಯ, ಕ್ರೆಡಿಟ್ ಎಂದರೆ ಓದಿದ್ದರ ಅಳತೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಹೊರಬರಬಹುದು, ನಾಲ್ಕನೇ ವರ್ಷ ಮುಂದುವರಿದರೆ ಆನರ್ಸ್, ಅದಕ್ಕೆ 177. ಅಕ್ಕನೋ ಚಿಕ್ಕಪ್ಪನೋ ಡಿಗ್ರಿ ಮಾಡಿದ ಮನೆಯಲ್ಲಿ ಈ ಲೆಕ್ಕ ಊಟದ ಹೊತ್ತಿಗೆ ಬಿಡಿಸಿಕೊಳ್ಳುತ್ತದೆ. ಉಳಿದವರು ಪಕ್ಕದವನು ಯಾವ ಮೈನರ್ ತೆಗೆದುಕೊಂಡನೋ ಅದನ್ನೇ ತೆಗೆದುಕೊಳ್ಳುತ್ತಾರೆ. ಪರಿಶಿಷ್ಟ, ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಕೇರಳ ಸರಕಾರ ಕೊಡುವ ಇ-ಗ್ರಾಂಟ್ಸ್ ಸ್ಕಾಲರ್‌ಶಿಪ್ಪಿನದ್ದೂ ಇದೇ ಕತೆ. ಜಾತಿ ಸರ್ಟಿಫಿಕೇಟಿಗೆ, ಆದಾಯದ ಸರ್ಟಿಫಿಕೇಟಿಗೆ ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರ, ವಿಲ್ಲೇಜ್ ಆಫೀಸ್ ಎಂದು ಓಡಾಡಬೇಕು. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಲ್ಲದೆ ಎಷ್ಟೋ ಮಕ್ಕಳು ಸುಮ್ನೆ ಬಿಟ್ಟುಬಿಡುತ್ತಾರೆ.

ಇದಕ್ಕೆ ನೋಟಿಸ್ ಬೋರ್ಡ್ ಮದ್ದಲ್ಲ. ಮೊದಲ ವಾರಗಳಲ್ಲಿ ನನ್ನ ಒಂದು ಪೀರಿಯಡ್ ಪೂರ್ತಿ ಇದಕ್ಕೇ ಮೀಸಲು. ಎಲ್ಲರೂ ಫಾರ್ಮ್ ಹೊರಗೆ ತೆಗೆಯಬೇಕು, ಎಲ್ಲರೂ ಒಟ್ಟಿಗೇ ತುಂಬಬೇಕು, ಬೇಕಾಗಿಲ್ಲದವರು ಪಕ್ಕದವರಿಗೆ ನೆರವಾಗಬೇಕು. "ಯಾರಿಗೆ ಬೇಕು, ಕೈ ಎತ್ತಿ" ಎಂದು ಮಾತ್ರ ಹೇಳುವುದಿಲ್ಲ. ಆ ಕೈ ಎತ್ತುವುದು ಹದಿನೆಂಟು ವರ್ಷದ ಮಗುವಿಗೆ ಎಷ್ಟು ಭಾರ ಎಂದು ಕಲಿಸುವವರು ಅರಿಯಬೇಕು.

ಕಲಿಕೆಯ ವಿಷಯಕ್ಕೆ ಬರೋಣ. ದಡ್ಡರೆಂದು ಪಟ್ಟಿ ಮಾಡಿ ಸಂಜೆ ಬೇರೆ ಕ್ಲಾಸ್ ಇಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಪಟ್ಟಿಯಲ್ಲಿ ಹೆಸರು ಬಂದದ್ದೇ ಮಕ್ಕಳು ಕುಗ್ಗುತ್ತಾರೆ. ಜೊತೆಗೆ ಪೆರ್ಲ, ಮುಳ್ಳೇರಿಯ ಕಡೆಯ ಒಳದಾರಿಗಳಿಗೆ ಹೋಗುವವರಿಗೆ ಸಂಜೆಯ ಬಸ್ ತಪ್ಪಿದರೆ ಮತ್ತೆ ಕತ್ತಲೆಯೇ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬವರು ಕ್ಯಾಲ್ಕುಲಸ್ ತರಗತಿಯ ಕಪ್ಪು ವಿದ್ಯಾರ್ಥಿಗಳು ಯಾಕೆ ಸೋಲುತ್ತಿದ್ದಾರೆ ಎಂದು ಹುಡುಕಿದರು. ಆಸಕ್ತಿಗೇನೂ ಕಮ್ಮಿ ಇರಲಿಲ್ಲ. ಆದರೆ ಅವರು ಒಬ್ಬೊಬ್ಬರೇ ಕೂತು ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಲೆಕ್ಕ ಬಿಡಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಹಳೆಯ ಪಾಠವನ್ನೇ ಮತ್ತೆ ಒಪ್ಪಿಸಲಿಲ್ಲ. ಗುಂಪು ಮಾಡಿ, ಮಾಮೂಲಿಗಿಂತ ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಆ ಮಕ್ಕಳ ಫಲಿತಾಂಶ ಚೆನ್ನಾಗಿ ಮೇಲೆ ಬಂತು. "ವೀಕ್ ಮಕ್ಕಳಿಗೆ ಸುಲಭದ್ದು ಕೊಡಿ" ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ನನ್ನ ತರಗತಿಯ ಒಂದು ಉದಾಹರಣೆ ಕೊಡುತ್ತೇನೆ. ಬೆಲೆ ಏರಿದಾಗ ಬೇಡಿಕೆ ಎಷ್ಟು ಬಾಗುತ್ತದೆ, ಇಲಾಸ್ಟಿಸಿಟಿ, ಅದು ಪಾಠ. ಕೇರಳದಲ್ಲಿ ಜೂನ್‌ನಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲಿಂಗ್, ಅಂದರೆ ಯಂತ್ರದ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ ಇರುತ್ತದೆ, ಅಲ್ವಾ? ಆಗ ಬಂಗುಡೆ ಮೀನಿನ ಬೆಲೆ ಏರುತ್ತದೆ. ಏರಿದರೆ ಯಾರು ಕೊಳ್ಳುವುದು ಬಿಡುತ್ತಾರೆ, ಯಾರು ಬಿಡುವುದಿಲ್ಲ, ಯಾಕೆ? ನಾಲ್ಕು ಜನರ ಗುಂಪು ಮಾಡಿ, ಯಾವ ಭಾಷೆಯಲ್ಲಾದರೂ ಮಾತಾಡಿ ಎಂದೆ. ಮೀನು ಮಾರುವವರ ಮನೆಯ ಹುಡುಗಿಯೊಬ್ಬಳು ಇದ್ದಳು. ತರಗತಿಯಲ್ಲಿ ಅವಳ ದನಿ ನಾನು ಕೇಳಿಯೇ ಇರಲಿಲ್ಲ. ಹತ್ತಿರ ಹೋದಾಗ ಅವಳು ಬ್ಯಾರಿ, ಕನ್ನಡ ಬೆರೆಸಿ ಉಳಿದ ಮೂವರಿಗೆ ಬಿಡಿಸಿ ಹೇಳುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. "ಹೇಳು, ನನಗೂ ಕೇಳಬೇಕು" ಎಂದೆ.

"ಟೀಚರ್, ಮನೆಯವರು ಬಂಗುಡೆ ಬಿಟ್ಟು ಒಣಮೀನಿಗೆ ಹೋಗ್ತಾರೆ, ಇಲ್ಲದಿದ್ರೆ ಮೊಟ್ಟೆಗೆ. ಹೋಟೆಲಿನವರು ಬಿಡುವುದಿಲ್ಲ. ಊಟಕ್ಕೆ ಬಂದವರಿಗೆ ಮೀನು ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಬದಲಿ ವಸ್ತು ಸಿಕ್ಕಿದರೆ ಬೇಡಿಕೆ ಬೇಗ ಬಾಗುತ್ತದೆ, ಸಿಗದಿದ್ದರೆ ಇಲ್ಲ. ಪುಸ್ತಕದಲ್ಲಿರುವುದು ಇಷ್ಟೇ. ಅದನ್ನು ಅವಳು ಒಂದೇ ಮೀನಿನಲ್ಲಿ ಎರಡು ಗಿರಾಕಿಗಳನ್ನು ಇಟ್ಟು ತೋರಿಸಿದಳು. ಆಮೇಲೆ ಅದೇ ಗುಂಪು ಅದನ್ನು ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿತು, ಪರೀಕ್ಷೆಗೆ ಬೇಕಲ್ಲ. ವಿಷಯ ತಲೆಯಲ್ಲಿ ಕೂತ ಮೇಲೆ ಐದು ಸಾಲು ಹೆಣೆಯುವುದು ಅಷ್ಟು ಕಷ್ಟವಲ್ಲ.

ಗುಂಪು ಮಾಡುವವರು ಒಂದು ಕಡೆ ಎಚ್ಚರ ಇರಬೇಕು. ಇಂಗ್ಲಿಷ್ ಚೆನ್ನಾಗಿ ಬರುವವರು ಎರಡೇ ನಿಮಿಷದಲ್ಲಿ ಗುಂಪಿನ ಯಜಮಾನರಾಗುತ್ತಾರೆ. ಪೆನ್ನು ಅವರ ಕೈಗೆ ಹೋದರೆ ಉಳಿದವರು ಬರೀ ನೋಡುತ್ತಾ ಕೂರುತ್ತಾರೆ. ಅದಕ್ಕೆ ನನ್ನಲ್ಲಿ ಬರೆಯುವ ಸರದಿ ಪ್ರತಿ ಸಲ ಬದಲಾಗುತ್ತದೆ. ಭಾಷೆ ಬಲ್ಲವರು ಬಾಯಲ್ಲಿ ಹೇಳಿಕೊಡಬಹುದು, ಪೆನ್ನು ಹಿಡಿಯುವ ಹಾಗಿಲ್ಲ.

ಹಾಜರಿಯ ವಿಷಯದಲ್ಲಿ ಅಧ್ಯಾಪಕರು ಬೇಗ ತೀರ್ಪು ಕೊಡುತ್ತೇವೆ ಎಂದು ನನಗೆ ಅನಿಸುತ್ತದೆ. ತೆಯ್ಯಂ, ಅಂದರೆ ದೈವದ ವೇಷ, ಕಟ್ಟುವ ಮನೆಗಳ ಹುಡುಗರು ನಮ್ಮಲ್ಲಿದ್ದಾರೆ. ತುಲಾ ಮಾಸದ ಹತ್ತರಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಮೇ ತನಕ ಅವರಿಗೆ ಕಾಲ. ರಾತ್ರಿ ಪೂರ್ತಿ ಬಣ್ಣ, ಚೆಂಡೆ, ಬೆಂಕಿ. ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಬರದಿದ್ದರೆ ಸೋಮಾರಿ ಎನ್ನುವುದು ಅನ್ಯಾಯ. ಅದು ಅವರ ಕುಲದ ಹೊಣೆ, ಮನೆಯ ಆದಾಯ ಕೂಡ. ಇಂಥವರ ಹತ್ತಿರ ಸೆಮಿಸ್ಟರಿನ ಆರಂಭದಲ್ಲೇ ಕಳಿಯಾಟದ (ತೆಯ್ಯಂ ಉತ್ಸವದ) ದಿನಾಂಕಗಳನ್ನು ಕೇಳಿ ಇಟ್ಟುಕೊಳ್ಳುತ್ತೇನೆ. ಆ ದಿನಗಳಲ್ಲಿ ಇಂಟರ್ನಲ್ ಪರೀಕ್ಷೆ ಇಡುವುದಿಲ್ಲ. ತಪ್ಪಿದ ಪಾಠದ ನೋಟ್ಸ್ ತಲುಪಿಸುವುದು ಅವರ ಗುಂಪಿನ ಕೆಲಸ. ಕೇಟರಿಂಗ್‌ಗೆ ರಾತ್ರಿ ಹೋಗುವ ಮಕ್ಕಳ ದಿನ ಮೊದಲೇ ಗೊತ್ತಿರುವುದಿಲ್ಲ. ಅವರ ವಿಷಯದಲ್ಲಿ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಅಂಗವೈಕಲ್ಯ ಇರುವ ಮಕ್ಕಳ ಮಾತು ನಮ್ಮ ಜಿಲ್ಲೆಯಲ್ಲಿ ಕೊನೆಗೆ ನೆನಪಾಗುವಂಥದ್ದು ಆಗಬಾರದು. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದಾರೆ. ಅದರ ಪರಿಣಾಮ ಅನುಭವಿಸಿದ ಊರುಗಳಿಂದಲೂ ಮಕ್ಕಳು ಓದಲು ಬರುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಕನಿಷ್ಠ ಶೇಕಡಾ 5ರಷ್ಟು ಸೀಟು ಮೀಸಲು. ಕೇಂದ್ರದ ಮಾರ್ಗಸೂಚಿಯಂತೆ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು, ತೆಗೆದುಕೊಳ್ಳಬಹುದು, ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯವೂ ಇದೆ. ಕಣ್ಣು ಮಂದವಿದ್ದ ಒಬ್ಬ ಹುಡುಗ ಮೊದಲ ಸೆಮಿಸ್ಟರ್ ಪೂರ್ತಿ ಇದ್ಯಾವುದೂ ಗೊತ್ತಿಲ್ಲದೆ, ಪ್ರಶ್ನೆಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ಬರೆದಿದ್ದ. ಅವನಾಗಿ ಕೇಳಲಿಲ್ಲ. ಈಗ ಅಡ್ಮಿಷನ್ ಆದ ವಾರವೇ ಟ್ಯೂಟರ್ (ತರಗತಿಯ ಹೊಣೆ ಹೊತ್ತ ಅಧ್ಯಾಪಕರು) ಪ್ರತಿ ವಿದ್ಯಾರ್ಥಿಯ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುತ್ತಾರೆ. ವೈಕಲ್ಯ ಇರಲಿ ಬಿಡಲಿ, ಎಲ್ಲರ ಜೊತೆಗೂ. ಸ್ಕ್ರೈಬ್ ಬೇಕೇ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕೇ, ಕೆಳಗಿನ ಮಹಡಿಯ ಕೋಣೆ ಬೇಕೇ ಎಂದು ನಾವೇ ಕೇಳಿ ಬರೆದುಕೊಳ್ಳುತ್ತೇವೆ. ಮೊದಲ ಇಂಟರ್ನಲ್‌ಗೆ ಮುಂಚೆ ಆ ಪಟ್ಟಿ ಪರೀಕ್ಷೆ ನೋಡಿಕೊಳ್ಳುವ ಟೀಚರ್ ಕೈಯಲ್ಲಿರುತ್ತದೆ.