ಕಟ್ಟೆಯ ಮೇಲೆ ಬಿಟ್ಟುಹೋದದ್ದು

ಶನಿವಾರ, 14 ಜೂನ್ 2025

ಬೆನ್ನು ಹಿಡಿದುಕೊಂಡಿದೆ. ಮೂಟೆ ಎತ್ತಬೇಡಿ ಅಂತ ಹುಡುಗರು ಬಡಿದುಕೊಳ್ಳುತ್ತಾರೆ, ನಾನು ಕೇಳುವ ಪೈಕಿ ಅಲ್ಲ. ಕೂತು ಬರೆಯುವುದಕ್ಕೇನೂ ಅಡ್ಡಿಯಿಲ್ಲ, ಹಾಗಾಗಿ ಇವತ್ತಿನದು ಇವತ್ತೇ.

ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ನಮ್ಮ ಫುಡ್ ಬ್ಯಾಂಕಿನಲ್ಲಿ ಇವತ್ತು ಜೋರು ವಾದ ನಡೆಯಿತು. ಬಂದವರಿಗೆ ನಾವೇ ಚೀಲ ಕಟ್ಟಿ ಕೈಗೆ ಕೊಡಬೇಕೋ, ಅವರೇ ಕಪಾಟಿನಿಂದ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡಬೇಕೋ? ನಾನು ನಿವೃತ್ತನಾಗಿ ಇಲ್ಲಿ ಕಾಲಿಟ್ಟ ಕಾಲದಿಂದಲೂ ಚೀಲದ ಪದ್ಧತಿಯೇ. ಬೇಗ ಆಗುತ್ತದೆ, ಲೆಕ್ಕ ತಾಳೆಯಾಗುತ್ತದೆ, ಎಲ್ಲರಿಗೂ ಒಂದೇ. ಉಗ್ರಾಣದ ಗುಮಾಸ್ತನಾಗಿ ಸವೆದವನಿಗೆ ಇದಕ್ಕಿಂತ ಹಿತವಾದದ್ದು ಇನ್ನೇನಿದೆ! ಆದರೆ ಗೇಟಿನ ಪಕ್ಕದ ಕಟ್ಟೆ ನನ್ನ ಮನಸ್ಸು ಬದಲಿಸಿತು.

ಚೀಲ ತೆಗೆದುಕೊಂಡವರು ಆ ಕಟ್ಟೆಯ ಮೇಲೆ ಕೂತು, ಒಳಗೇನಿದೆ ಅಂತ ನೋಡಿ, ಕೆಲವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಬೇಳೆ ಪೊಟ್ಟಣ, ಸಕ್ಕರೆ, ಗಟ್ಟಿ ಬಿಸ್ಕತ್ತು, ಟಿನ್ನುಗಳು. ಎಸೆದಿರುವುದಿಲ್ಲ, ಒತ್ತಾಗಿ ಜೋಡಿಸಿಟ್ಟಿರುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಹೋಗಿ ಪಕ್ಕದಲ್ಲಿ ಕೂತು ಮಾತಾಡಿಸತೊಡಗಿದೆ. ಒಬ್ಬರ ಕೋಣೆಯಲ್ಲಿ ಒಲೆಯೇ ಇಲ್ಲ, ನೀರು ಕಾಯಿಸಿಕೊಳ್ಳುವ ಕೆಟಲ್ ಒಂದೇ ಗತಿ. ಬೇಳೆ ತೆಗೆದುಕೊಂಡು ಏನು ಮಾಡಬೇಕು? ಇನ್ನೊಬ್ಬರಿಗೆ ಶುಗರ್. ಮತ್ತೊಬ್ಬ ಅಜ್ಜ ಬಿಸ್ಕತ್ತನ್ನು ಬೆರಳಿನಿಂದ ಕುಟ್ಟಿ ತೋರಿಸಿ, ಬಾಯಿ ತೆರೆದು ಬರಿಯ ಒಸಡು ತೋರಿಸಿ ನಕ್ಕರು. ನನಗೆ ಬಿಡದ ಚಾಳಿ, ದಾಸ್ತಾನು ಪುಸ್ತಕದ ಹಿಂಬದಿಯಲ್ಲಿ 'ವಾಪಸ್' ಅಂತ ಕಲಂ ಎಳೆದು ಎಲ್ಲ ಬರೆದುಕೊಳ್ಳುತ್ತಾ ಬಂದೆ.

ಆ ಪುಸ್ತಕವೇ ಇವತ್ತು ಮೇಜಿನ ಮೇಲಿತ್ತು. ನಮ್ಮಲ್ಲಿ ಲೆಕ್ಕ ನೋಡುವವರು ನನ್ನದೇ ವಯಸ್ಸಿನವರು. "ಆರಿಸಿಕೊಳ್ಳಿ ಅಂದ್ರೆ ಮುಗೀತು ಕಣ್ರೀ, ಮೊದಲು ಬಂದವರೇ ಒಳ್ಳೇದನ್ನೆಲ್ಲ ಬಾಚ್ಕೊಂಡು ಹೋಗ್ತಾರೆ. ಕೊಟ್ಟಿದ್ದನ್ನ ತಗೊಂಡು ಹೋಗೋಕೆ ಇವರಿಗೇನಂತೆ?" ಅಂದರು. ಮೊದಲನೆಯ ಮಾತಿಗೆ ಮದ್ದಿದೆ. ಮನೆಯಲ್ಲಿ ಎಷ್ಟು ತಲೆ ಅನ್ನುವುದರ ಮೇಲೆ ಮಿತಿ ಹಾಕುವುದು, ಕಡಿಮೆ ಇರುವ ಸಾಮಾನನ್ನು ಒಮ್ಮೆಗೇ ಹೊರಗಿಡದೆ ಗಂಟೆಗಿಷ್ಟು ಅಂತ ಇಡುವುದು. ಎರಡನೆಯ ಮಾತು ಮಾತ್ರ ನನ್ನನ್ನು ಕೆರಳಿಸಿತು. 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಮೊದಲ ಫುಡ್ ಬ್ಯಾಂಕ್ ಶುರು ಮಾಡಿದರಲ್ಲ, ಆ ಯೋಚನೆ ಕೊಟ್ಟದ್ದು ದಾನಿಯಲ್ಲ, ಒಬ್ಬ ತಾಯಿ. ಅಂಗಡಿಯ ಹಿಂದಿನ ಕಸದ ತೊಟ್ಟಿಯಲ್ಲಿ ತಿನ್ನಲು ಯೋಗ್ಯವಾದದ್ದನ್ನು ಹುಡುಕಿ ಮಕ್ಕಳನ್ನು ಸಾಕುತ್ತಿದ್ದವಳು. ಯಾವುದು ತನ್ನ ಮನೆಗೆ ಆಗುತ್ತದೆ, ಯಾವುದು ಆಗದು ಅಂತ ತೊಟ್ಟಿಯ ಮುಂದೆ ನಿಂತೂ ಅವಳಿಗೆ ಗೊತ್ತಿತ್ತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಅನ್ನಿಸುತ್ತದೆ, ಹೊರಗೆ ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ವಾದ ಅಲ್ಲಿಗೆ ನಿಂತಿತು, ಯಾಕೆಂದರೆ ಸಾಮಾನಿನ ವ್ಯಾನ್ ಬಂತು.

ವಿಂಗಡಿಸುವ ಮೇಜು ನನ್ನ ಪಾಲಿನದು. ಕಚೇರಿಯಲ್ಲಿ ಮೊದಲು ಬಂದ ಸಾಮಾನು ಮೊದಲು ಹೊರಗೆ ಹೋಗುತ್ತಿತ್ತು. ಇಲ್ಲಿ ಆ ಲೆಕ್ಕ ನಡೆಯದು. ನಿನ್ನೆ ಬಂದ ಪೆಟ್ಟಿಗೆಯ ತಾರೀಖು ಹೋದ ತಿಂಗಳು ಬಂದದ್ದಕ್ಕಿಂತ ಮೊದಲೇ ಮುಗಿಯಬಹುದು, ಆದ್ದರಿಂದ ಮೊದಲು ಮುಗಿಯುವುದೇ ಮುಂದಿನ ಸಾಲಿಗೆ. ಹೊಸ ಹುಡುಗನೊಬ್ಬ 'ಬೆಸ್ಟ್ ಬಿಫೋರ್' ದಾಟಿದ್ದನ್ನೆಲ್ಲ ಕಸಕ್ಕೆ ಹಾಕುತ್ತಿದ್ದ. ತಡೆದೆ. ಅದು ರುಚಿ, ಗುಣಮಟ್ಟದ ತಾರೀಖು. 'ಯೂಸ್ ಬೈ' ಅಂತಿದ್ದರೆ ಮಾತ್ರ ಒಂದು ದಿನವೂ ಮೀರಬಾರದು. ಟಿನ್ನಿನ ಪಕ್ಕದಲ್ಲಿ ಸಣ್ಣ ತಗ್ಗಿದ್ದರೆ ಇರಲಿ, ಅಂಚಿನ ಬೆಸುಗೆ ಜಜ್ಜಿದ್ದರೆ ಬೇಡ. ಮುಚ್ಚಳ ಉಬ್ಬಿದ್ದರೆ ತೆರೆದು ಮೂಸುವ ಸಾಹಸವೇ ಬೇಡ.

"ಅಂಕಲ್, ವಾಸನೆ ಬರದಿದ್ರೆ?"

"ಬರದೇ ಇರೋದೇ ಅಪಾಯ ಕಣಪ್ಪ. ಕೆಟ್ಟ ಟಿನ್ನಿನಲ್ಲಿ ಹುಟ್ಟೋ ಬಾಟ್ಯುಲಿಸಂ ವಿಷಕ್ಕೆ ವಾಸನೆ, ರುಚಿ ಇರಲೇಬೇಕು ಅಂತಿಲ್ಲ."

ಆಮೇಲೆ ಅವನು ಪ್ರತಿ ಟಿನ್ನನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದ, ವಜ್ರ ಪರೀಕ್ಷಿಸುವವನ ಹಾಗೆ. ಕೆಲಸ ಅರ್ಧಕ್ಕೆ ಇಳಿಯಿತು. ಇಳಿಯಲಿ.

ಮನೆಗಳಿಂದ ಬಂದ ಪೆಟ್ಟಿಗೆಗಳ ಬಗ್ಗೆ ಏನೂ ಹೇಳದಿರುವುದೇ ವಾಸಿ. ಅಡುಗೆಮನೆ ಖಾಲಿ ಮಾಡುವಾಗ ಕಪಾಟಿನ ಹಿಂದೆ ಸಿಕ್ಕಿದ್ದೆಲ್ಲ ನಮಗೆ. ಇವತ್ತು ಅರ್ಧ ಖಾಲಿಯಾದ ಜಾಮ್ ಬಾಟಲಿಯೂ ಬಂದಿತ್ತು, ಒಳಗೆ ಚಮಚ ಸಮೇತ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಈ ಮೇಜಿನ ಮುಂದೆ ನಿಂತವರು ಅದನ್ನು ನಂಬಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಬಾಗಿಲು ಹಾಕುವ ಹೊತ್ತಿಗೆ, ಎಲ್ಲವನ್ನೂ ನೋಡಿಕೊಳ್ಳುವ ಹುಡುಗಿ ಬಂದು ತೀರ್ಮಾನ ಹೇಳಿದಳು. ಮುಂದಿನ ವಾರ ಒಂದು ಕೌಂಟರ್ ಮಾತ್ರ ಆರಿಸಿಕೊಳ್ಳುವವರಿಗೆ, ಉಳಿದದ್ದು ಚೀಲವೇ. ಒಂದು ತಿಂಗಳು ನೋಡೋಣ ಅಂತ. ಲೆಕ್ಕದವರು ಗೊಣಗಿದರೂ ತೂಕದ ಯಂತ್ರ ಆ ಕೌಂಟರಿನ ಹತ್ತಿರವೇ ಇರಲಿ ಅಂದರು, ಅಂದರೆ ಅರ್ಧ ಒಪ್ಪಿದ ಹಾಗೆ. ನನ್ನ ಅಕ್ಷರ ದಪ್ಪ ಅಂತ ಕಪಾಟಿನ ಚೀಟಿ ಬರೆಯುವ ಕೆಲಸ ನನಗೇ ಬಿತ್ತು. 'ಒಲೆ ಬೇಡ', 'ಸಕ್ಕರೆ ಇಲ್ಲ', 'ಮೆತ್ತಗಿನದು' ಅಂತ ಬರೆಯುವುದು. ರಟ್ಟು ಇದೆ, ಮಾರ್ಕರ್ ಪೆನ್ನು ಒಣಗಿದೆ. ಸೋಮವಾರ ತರಬೇಕು.